ಸೂಜಿಗೆ ಮುಂಚೆ ಕೇಳುವ ಊರಿಗೆ ಹೋಗಿದ್ದೆ

ಲಂಕಾದಿಂದ ಬಂದು ಎರಡು ತಿಂಗಳಾಯಿತು. ಒಂದು ಫೋಟೋ ಇಲ್ಲ, ಒಂದು ಸಾಲಿಲ್ಲ, ಏನು ಡಾಕ್ಟ್ರೇ, ಸಮುದ್ರ ನಿಮ್ಮ ಫೋನು ನುಂಗಿತಾ ಅಂತ ಕಾಲೆಳೆಯುತ್ತಿದ್ದೀರಿ. ಸಮುದ್ರ ಏನನ್ನೂ ನುಂಗಲಿಲ್ಲ. ಫೋಟೋ ಇವೆ. ಹಾಕಲು ಮುಖವಿಲ್ಲ, ಅಷ್ಟೇ.

ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ. ನಾನು ಮನೋವೈದ್ಯ. ಹುಟ್ಟಿದ್ದು ಅನಂತಪುರ ಸೀಮೆಯ ಅಮರಾಪುರದ ಪಕ್ಕದ ಹಳ್ಳಿ. ವಾರಕ್ಕೆ ಐದು ದಿನ ರಾಯದುರ್ಗದಲ್ಲಿ ಕ್ಲಿನಿಕ್, ಶನಿವಾರ ಮಡಕಶಿರಾ. ರಾಯದುರ್ಗದಲ್ಲಿ ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಜೀನ್ಸ್ ಪ್ಯಾಂಟು ಹೊಲಿಯುವವರು, ಬೆರಳ ತುದಿ ಸದಾ ನೀಲಿ. ಮಡಕಶಿರಾದಲ್ಲಿ ಕುರಿಯವರು, ಕಡಲೆಕಾಯಿ ಬೆಳೆಯುವವರು, ಹಿಂದೂಪುರಕ್ಕೂ ಬೆಂಗಳೂರಿಗೂ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು. ಐವತ್ತು ದಾಟಿದೆ, ಬಾಯಿ ಜಾಸ್ತಿ. ಇಷ್ಟು ಸಾಕು.

ಇದರಲ್ಲಿ ಈರಣ್ಣ ಎಂಬವನು ಬರುತ್ತಾನೆ. ಅದು ಅವನ ನಿಜವಾದ ಹೆಸರಲ್ಲ. ಬರೆಯಲಾ ಎಂದು ಅವನನ್ನೇ ಕೇಳಿದೆ. ಬರೀರಿ, ಆದರೆ ಕೊನೆಗೆ ನಿಮ್ಮನ್ನು ನೀವೇ ದೊಡ್ಡ ಮನುಷ್ಯ ಮಾಡಿಕೊಂಡು ಬರೀಬೇಡಿ ಎಂದ. ಪ್ರಯತ್ನ ಮಾಡುತ್ತೇನೆ.

ಕಟುನಾಯಕ

ಕೊಲಂಬೊ ವಿಮಾನ ನಿಲ್ದಾಣ ಇರುವುದು ಕೊಲಂಬೊದಲ್ಲಲ್ಲ, ಕಟುನಾಯಕ ಎಂಬ ಊರಲ್ಲಿ. ಇಳಿದು ಹೊರಗೆ ಬರುವಾಗ ನಾನು ಕಂಡ ಮೊದಲ ವಿದೇಶಿ ದೃಶ್ಯ: ಸಾಲಾಗಿ ಫ್ರಿಜ್ಜು, ವಾಷಿಂಗ್ ಮಶೀನು. ನಮ್ಮಲ್ಲಿ ವಿಮಾನ ನಿಲ್ದಾಣದಲ್ಲಿ ಸೆಂಟು, ಚಾಕಲೇಟು ಮಾರಿದರೆ ಇಲ್ಲಿ ಫ್ರಿಜ್ಜು. ಅರಬ್ ದೇಶಗಳಲ್ಲಿ ಮನೆಕೆಲಸಕ್ಕೆ ಹೋಗಿದ್ದ ಹೆಂಗಸರು ವಾಪಸು ಬರುವಾಗ ಅಲ್ಲೇ ಕೊಂಡು, ಗಾಡಿಗೆ ಹಾಕಿಸಿಕೊಂಡು ಊರಿಗೆ ಹೋಗುತ್ತಾರಂತೆ. ಒಬ್ಬಾಕೆ ಫ್ರಿಜ್ಜಿನ ಡಬ್ಬಕ್ಕೆ ಕೈ ಊರಿ, ಮಗುವಿನ ಬೆನ್ನಿಗೆ ಕೈ ಇಟ್ಟ ಹಾಗೆ ನಿಂತಿದ್ದಳು. ಹಬ್ಬಕ್ಕೆ ಬೆಂಗಳೂರಿನಿಂದ ಬಂದು ಮಡಕಶಿರಾ ಬಸ್ ಸ್ಟ್ಯಾಂಡಿನಲ್ಲಿ ಮಿಕ್ಸಿ ಡಬ್ಬ ತಬ್ಬಿಕೊಂಡು ಇಳಿಯುವ ಹುಡುಗಿಯರು ನೆನಪಾದರು.

ಹೊರಗೆ ಚಹಾ ಕುಡಿದೆ. ಹಾಲಿಲ್ಲದ ಕರೀ ಚಹಾ, ಪಕ್ಕದಲ್ಲೊಂದು ಬೆಲ್ಲದ ಚೂರು. ಬೆಲ್ಲವನ್ನು ಲೋಟಕ್ಕೆ ಹಾಕಿ ಬೆರಳಲ್ಲಿ ತಿರುವಿದೆ. ಅಂಗಡಿಯವನು ನೋಡಿದ, ಹೆಂಡತಿಯನ್ನು ಕರೆದು ತೋರಿಸಿದ. ಬೆಲ್ಲ ಕಚ್ಚಿಕೊಂಡು ಚಹಾ ಗುಟುಕರಿಸಬೇಕಂತೆ. ಆಮೇಲೆ ಇಬ್ಬರೂ ಇನ್ನೊಂದು ಚೂರು ತಂದು ಕೊಟ್ಟು, ನಾನು ಸರಿಯಾಗಿ ಕಚ್ಚುತ್ತೇನೋ ಇಲ್ಲವೋ ಎಂದು ನಿಂತು ನೋಡಿದರು. ಪಾಸಾದೆ.

ಕೊಲಂಬೊ, ಮೊದಲ ದಿನ

ಹೋಗಿದ್ದು ಒಂದು ಸಣ್ಣ ಸಭೆಗೆ. ಅಕ್ಕಪಕ್ಕದ ದೇಶಗಳ ಮನೋವೈದ್ಯರು, ನರ್ಸುಗಳು. ವಿಷಯ, ತಿಂಗಳ ಸೂಜಿ.

ತಿಂಗಳ ಸೂಜಿ ಅಂದರೆ ಇಷ್ಟು. ಕಿವಿಯಲ್ಲಿ ಯಾರೋ ಮಾತಾಡುವುದು, ಎಲ್ಲರ ಮೇಲೂ ಗುಮಾನಿ, ಇಂಥ ಕಾಯಿಲೆಗೆ ದಿನಾ ಮಾತ್ರೆ ನುಂಗಬೇಕು. ಅದರ ಬದಲು ಒಮ್ಮೆ ತೋಳಿಗೋ ಸೊಂಟಕ್ಕೋ ಸೂಜಿ ಹಾಕಿಸಿಕೊಂಡರೆ ಔಷಧ ಒಂದು ತಿಂಗಳು ಮೈಯೊಳಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ದಿನಾ ಮಾತ್ರೆಯ ಗೋಳಿಲ್ಲ. ನನಗೆ ಇದು ಗೊತ್ತಿಲ್ಲವಾ? ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ. ಆದರೆ ನನ್ನ ಕ್ಲಿನಿಕ್ಕಿನಲ್ಲಿ ಆ ಸೂಜಿ ಯಾರಿಗೆ? ಹೊಡೆದಾಡಿದವನಿಗೆ, ಮಾತ್ರೆ ಉಗುಳಿದವನಿಗೆ, ನಾಲ್ಕು ಜನ ಹಿಡಿದು ತಂದವನಿಗೆ. ‘ಮಾತ್ರೆ ತಗೊಳ್ಳದಿದ್ರೆ ಸೂಜಿ ಹಾಕ್ತೀನಿ ನೋಡು’ ಎಂದು ಹೆದರಿಸಲು. ನಮ್ಮ ಹಳ್ಳಿಯಲ್ಲಿ ಮಕ್ಕಳಿಗೆ ಗುಮ್ಮ ಬರುತ್ತಾನೆ ಅನ್ನುತ್ತಾರಲ್ಲ, ಆ ಕೆಲಸಕ್ಕೆ ನಾನು ಒಂದು ಒಳ್ಳೆಯ ಔಷಧವನ್ನು ಇಟ್ಟುಕೊಂಡಿದ್ದೆ. ತೆಪ್ಪಗೆ ಬಂದು ಕೂರುವವರಿಗೆ ಅದರ ಹೆಸರನ್ನೂ ಹೇಳಿದವನಲ್ಲ. ಹೇಳಿದರೆ ಹೆದರುತ್ತಾರೆ, ಒಪ್ಪುವುದಿಲ್ಲ, ತಾರೀಖಿಗೆ ಸರಿಯಾಗಿ ಬರುವುದಿಲ್ಲ. ಹೀಗೆ ಅವರ ಪರವಾಗಿ ನಾನೇ ಎಲ್ಲ ಉತ್ತರ ಕೊಟ್ಟುಕೊಂಡಿದ್ದೆ.

ಸಭೆ ನಡೆಸುತ್ತಿದ್ದ ಹಿರಿಯರೊಬ್ಬರು ಕೇಳಿದರು: ಈ ಕಾಯಿಲೆ ನಿಮಗೇ ಬಂದರೆ, ದಿನಾ ಮಾತ್ರೆಯಾ, ತಿಂಗಳ ಸೂಜಿಯಾ? ಸೂಜಿ ಅನ್ನುವವರು ಕೈ ಎತ್ತಿ. ಸುಮಾರು ಕೈ ಎದ್ದವು. ನನ್ನದೂ ಎದ್ದಿತು. ಹಾಗಾದರೆ ಮಾತು ಕೇಳುವ, ಸಮಾಧಾನದ ರೋಗಿಗೆ ಈ ಸೂಜಿಯ ಬಗ್ಗೆ ಹೇಳಿದವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ ಎಂದರು. ಕೈ ಇಳಿಸುವಾಗ ಪಕ್ಕದ ಕುರ್ಚಿಯವರು ನೋಡುತ್ತಿದ್ದಾರಾ ಎಂದು ನೋಡಿದೆ. ಅವರೂ ಇಳಿಸುತ್ತಿದ್ದರು.

ಊಟಕ್ಕೆ ಕೂತಾಗ ಆ ಇರುಸುಮುರುಸು ಮರೆಸಲು ಬಾಯಿ ಬಿಟ್ಟೆ. ನಾವು ಅನಂತಪುರದವರು, ಖಾರ ನಮಗೆ ಲೆಕ್ಕಕ್ಕಿಲ್ಲ ಎಂದು ಅವರ ತೆಂಗಿನಕಾಯಿ ಸಂಬೋಲ ಎಂಬ ಖಾರದ ಚಟ್ನಿಯನ್ನು ದೊಡ್ಡ ಚಮಚದಲ್ಲಿ ಹಾಕಿಕೊಂಡು, ಕಣ್ಣಲ್ಲಿ ನೀರು ಬಂದು, ಆ ನೀರಲ್ಲೇ ನಗುತ್ತಾ ನನ್ನ ಸಾಹಸ ಶುರು ಮಾಡಿದೆ. ಸೂಜಿಯ ಗಲಾಟೆಯೇ ಬೇಡ, ನಮ್ಮಲ್ಲಿ ಮಜ್ಜಿಗೆ ಇದೆ ಎಂದೆ.

ರಾಯದುರ್ಗದಲ್ಲಿ ಈರಣ್ಣ ಎಂಬ ಕಟಿಂಗ್ ಮಾಸ್ಟರ್. ಜೀನ್ಸ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಒಂದೇ ಸಲ ಅಷ್ಟನ್ನೂ ಮಶೀನಿನಿಂದ ಕತ್ತರಿಸುವ ಕೆಲಸ. ಕಾಯಿಲೆ ವಾಸಿಯಾಗಿ ಆರು ತಿಂಗಳಿಗೆ ಮಾತ್ರೆ ಬಿಟ್ಟ, ಮತ್ತೆ ಕೆಟ್ಟಿತು. ಅವನ ತಾಯಿ ಸಾಕಮ್ಮ ಬಂದು ಅತ್ತಳು. ನಾನು ಒಂದು ಬಾಟ್ಲಿ ಕೊಟ್ಟೆ. ಬಣ್ಣವಿಲ್ಲ, ರುಚಿಯಿಲ್ಲ, ಮಜ್ಜಿಗೆಗೆ ಇಷ್ಟು ಹನಿ ಹಾಕಿ ಕೊಡಮ್ಮ, ಅವನಿಗೆ ಹೇಳಬೇಡ. ನಾಲ್ಕು ವರ್ಷ! ಅವನಿಗೇ ಗೊತ್ತಿಲ್ಲದೆ ಆರೋಗ್ಯವಾಗಿದ್ದಾನೆ. ಬೆಂಗಳೂರಿನ ದೊಡ್ಡ ಗಾರ್ಮೆಂಟ್ಸಿನಿಂದ ಕರೆ ಬಂದಿತ್ತು, ಅಲ್ಲಿ ಮಜ್ಜಿಗೆಗೆ ಯಾರು ಹಾಕುತ್ತಾರೆ? ನಿನ್ನ ಹೊಟ್ಟೆ ಸರಿಯಿಲ್ಲ, ಹೊರಗಿನ ಊಟ ಆಗದು ಎಂದು ಹೇಳಿ ಊರಲ್ಲೇ ಉಳಿಸಿದೆ.

ಟೇಬಲ್ಲಿನಲ್ಲಿ ಇಬ್ಬರು ಮೂವರು ನಕ್ಕರು. ನಮ್ಮಲ್ಲೂ ಹೀಗೇ, ಪಾಯಸದಲ್ಲಿ ಹಾಕುತ್ತಾರೆ ಎಂದ ಒಬ್ಬ. ನಗದೇ ಇದ್ದವಳು ಎದುರಿಗೆ ಕೂತಿದ್ದ ಪದ್ಮಾ. ಹಳ್ಳಿ ಕ್ಲಿನಿಕ್ಕುಗಳಲ್ಲಿ ಮೂವತ್ತು ವರ್ಷ ಸೂಜಿ ಹಾಕಿದ ನರ್ಸು, ತಲೆಯೆಲ್ಲಾ ಬಿಳಿ. ನಿಧಾನವಾದ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. ಕಾಯಿಲೆ ಮೊದಲು ಬಂದಾಗ ಅವನಿಗೆ ಏನನ್ನಿಸುತ್ತಿತ್ತು?

ಉತ್ತರ ಬಾಯಿತುದಿಯಲ್ಲಿತ್ತು, ಹೇಳಿಯೂಬಿಟ್ಟೆ. “ತಾಯಿ ಊಟದಲ್ಲಿ ಏನೋ ಬೆರೆಸುತ್ತಾಳೆ ಅಂತ.”

ಹೇಳಿದ ಮೇಲೆ ನನಗೆ ಕೇಳಿಸಿತು.

ಹೌದು. ಹೀಗೇ ಶುರುವಾಗಿದ್ದು. ಅವ್ವ ಏನೋ ಹಾಕುತ್ತಾಳೆ ಎಂದು ರೈಲ್ವೆ ಸ್ಟೇಷನ್ನಿನಲ್ಲಿ ಮೂರು ದಿನ ಉಪವಾಸ ಕೂತಿದ್ದವನನ್ನು ನಾನೇ ವಾಸಿ ಮಾಡಿದ್ದೆ. ಅದು ಕಾಯಿಲೆ ಹೇಳಿಸುವ ಮಾತಪ್ಪ, ನಿಮ್ಮವ್ವ ಏನೂ ಬೆರೆಸಲ್ಲ ಎಂದು ವಾರಗಟ್ಟಲೆ ಹೇಳಿ ನಂಬಿಸಿದ್ದೆ. ಅವನು ನಂಬಿ ತಾಯಿಯ ಕಾಲು ಹಿಡಿದು ಅತ್ತಿದ್ದ. ಆಮೇಲೆ ಅದೇ ನಾನು ಅದೇ ತಾಯಿಯ ಕೈಗೆ ಬಾಟ್ಲಿ ಕೊಟ್ಟಿದ್ದೆ. ನಾಲ್ಕು ವರ್ಷದಲ್ಲಿ ಒಂದು ದಿನವೂ ಈ ಎರಡು ಮಾತು ನನ್ನ ತಲೆಯಲ್ಲಿ ಒಟ್ಟಿಗೆ ಬಂದಿರಲಿಲ್ಲ.

ಪದ್ಮಾ, ನಾಳೆ ನನ್ನ ಕ್ಲಿನಿಕ್ ನೋಡಲು ಬರುತ್ತೀರಾ ಎಂದಷ್ಟೇ ಕೇಳಿ ಮಾವಿನಹಣ್ಣಿನ ತಟ್ಟೆ ನನ್ನ ಕಡೆ ತಳ್ಳಿದಳು.

ಬಸ್ಸಿನ ಮುಂದಿನ ಸೀಟು

ಅವಳ ಕ್ಲಿನಿಕ್ ಇದ್ದದ್ದು ನೆಗೊಂಬೊ ಕಡೆ, ಗಾರ್ಮೆಂಟ್ ಕಾರ್ಖಾನೆಗಳ ಮಧ್ಯೆ. ಬಸ್ಸಿನಲ್ಲಿ ಹೊರಟೆವು. ಕೆಂಪು ಬಸ್ಸು, ಒಳಗೆ ಹಾಡು, ಕಂಡಕ್ಟರು ಬಾಗಿಲಿಗೆ ನೇತಾಡಿಕೊಂಡು ಊರ ಹೆಸರು ಕೂಗುವುದು, ಎಲ್ಲ ನಮ್ಮ ಕಲ್ಯಾಣದುರ್ಗ ರೂಟೇ. ಪದ್ಮಾ ಟಿಕೆಟ್ಟು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಸೀಟು ಖಾಲಿ ಕಂಡು ಹಾರಿ ಕೂತೆ. ಬಸ್ಸಿನ ತುಂಬ ಜನ ನಿಂತಿದ್ದಾರೆ, ಇದೊಂದು ಖಾಲಿ ಯಾಕೆ ಎಂದು ಯೋಚಿಸಬೇಕಲ್ಲ? ಎರಡು ಸ್ಟಾಪ್ ಆದ ಮೇಲೆ ಒಬ್ಬ ಬೌದ್ಧ ಭಿಕ್ಕು ಹತ್ತಿದರು. ಬಸ್ಸೆಲ್ಲಾ ಸುಮ್ಮನಾಯಿತು. ಅದು ಅವರಿಗೆಂದೇ ಬಿಟ್ಟ ಸೀಟಂತೆ. ಯಾರೂ ನನ್ನನ್ನು ಎಬ್ಬಿಸಲಿಲ್ಲ, ಬೈಯಲಿಲ್ಲ, ಸುಮ್ಮನೆ ನೋಡಿದರು. ನಮ್ಮಲ್ಲಾಗಿದ್ದರೆ ‘ಏ, ಏಳಪ್ಪಾ’ ಎಂದು ನಾಲ್ಕು ದನಿ ಏಳುತ್ತಿತ್ತು, ನಾನೂ ನಾಲ್ಕು ಮಾತಾಡಿ ಎದ್ದು ಮರೆತುಬಿಡುತ್ತಿದ್ದೆ. ಈ ಮೌನ ಮಾತ್ರ ಬಹಳ ಹೊತ್ತು ಬೆನ್ನಿಗೆ ಅಂಟಿಕೊಂಡಿತ್ತು.

ಎದ್ದು ಕಂಬಿ ಹಿಡಿದು ನಿಂತಾಗಲೇ ಸಾಕಮ್ಮನ ಫೋನು ಬಂದದ್ದು.

“ಸಾರ್, ನೋಡಿಬಿಟ್ಟ ಸಾರ್,” ಎಂದಳು. ಜೀನ್ಸ್ ಯೂನಿಟ್ಟಿನಲ್ಲಿ ಕರೆಂಟ್ ಹೋಗಿ ಈರಣ್ಣ ಬೇಗ ಮನೆಗೆ ಬಂದಿದ್ದ. ಇವಳು ಒಲೆಯ ಮುಂದೆ ಕೂತು ಮಜ್ಜಿಗೆಗೆ ಹನಿ ಎಣಿಸುತ್ತಿದ್ದಳು. ಬಾಟ್ಲಿ ಕಿತ್ತುಕೊಂಡವನು ಒಂದು ಮಾತೂ ಆಡಲಿಲ್ಲವಂತೆ. “ಎರಡು ದಿನ ಆತ್ರಿ, ನನ್ನ ಕೈಲಿ ನೀರು ಸೈತ ಕುಡಿಯವಲ್ಲ. ಅಂಗಡ್ಯಾಗಿನ ಬಾಳೆಹಣ್ಣು, ಬಿಸ್ಕೀಟಿನ ಪ್ಯಾಕೀಟು, ಅಷ್ಟಾ. ನನ್ನ ಮಗ ನನ್ನ ಮುಖ ನೋಡವಲ್ಲ ಸಾರ್. ಏನ್ ಮಾಡ್ಲಿ?”

ನಿನ್ನೆಯಷ್ಟೇ ಊಟದ ಟೇಬಲ್ಲಿನಲ್ಲಿ ನಾಚಿಕೆಪಟ್ಟವನು ಏನು ಮಾಡಿರಬೇಕು ಹೇಳಿ? ಯೋಚನೆ ಮಾಡಿರಬೇಕು. ನಾನು ಮಾಡಿದ್ದು, ನನ್ನ ಕಾಂಪೌಂಡರ್ ಖಾಜಾಸಾಬಿಗೆ ಫೋನು. ಇಬ್ಬರು ಗಟ್ಟಿ ಆಳು ಕರೆದುಕೊಂಡು ಹೋಗಿ, ಹಿಡಿದುಕೊಂಡು ಇಂಜೆಕ್ಷನ್ ಹಾಕಿಬಿಡಿ, ಒಂದು ತಿಂಗಳು ನಿಶ್ಚಿಂತೆ, ನಾನು ಬಂದು ನೋಡುತ್ತೇನೆ ಎಂದೆ. ಎಷ್ಟು ಸಲೀಸಾಗಿ ಬಂತು ಗೊತ್ತಾ ಆ ಮಾತು. ಟೊಮೆಟೊ ತನ್ನಿ ಅಂದಷ್ಟು ಸಲೀಸು. ಖಾಜಾಸಾಬ್ ಸ್ವಲ್ಪ ತಡೆದು “ಹ್ಞೂಂ ಸಾರ್” ಎಂದ.

ಫೋನು ಇಟ್ಟ ಮೇಲೆ ಪದ್ಮಾ ನನ್ನ ಮುಖ ನೋಡಿದಳು. ಕನ್ನಡದಲ್ಲಿ ಅವಳಿಗೆ ಅರ್ಥವಾದದ್ದು ಇಂಜೆಕ್ಷನ್ ಎಂಬುದೊಂದೇ. ಸೂಜಿ ಬೇಕೆಂದು ಯಾರಾದರೂ ಕೇಳುತ್ತಿದ್ದಾರಾ ಎಂದಳು. ನಾನು ಕಿಟಕಿಯ ಹೊರಗಿನ ತೆಂಗಿನಮರ ಎಣಿಸಿದೆ.

ನೆಗೊಂಬೊ ಕಡೆಯ ಕ್ಲಿನಿಕ್

ಎರಡು ಕೋಣೆ, ಒಂದು ಜಗಲಿ, ಹೊರಗೆ ಬೆಂಚು. ನಮ್ಮದಕ್ಕಿಂತ ದೊಡ್ಡದೇನಲ್ಲ. ಬೆಂಚಿನ ಮೇಲೆ ಹತ್ತಾರು ಜನ, ಅರ್ಧಕ್ಕರ್ಧ ಗಾರ್ಮೆಂಟ್ ಹುಡುಗಿಯರು, ಕೊರಳಲ್ಲಿ ಕಾರ್ಖಾನೆಯ ಕಾರ್ಡು. ಇಷ್ಟು ಜನ ಇವತ್ತೇ ಯಾಕೆ ಎಂದೆ. ನಾಳೆ ಪೋಯಾ ಎಂದಳು ಪದ್ಮಾ. ಹುಣ್ಣಿಮೆ ಅವರಿಗೆ ಸರ್ಕಾರಿ ರಜೆ, ಪ್ರತಿ ತಿಂಗಳೂ. ಸೂಜಿ ಹಾಕಿಸಿಕೊಂಡರೆ ಒಂದು ದಿನ ಮೈ ಭಾರ. ಹಾಗಾಗಿ ಹುಣ್ಣಿಮೆಯ ಹಿಂದಿನ ದಿನ ಬಂದು ಹಾಕಿಸಿಕೊಂಡು, ರಜೆಯ ದಿನ ಮಲಗಿ, ಮಾರನೇ ದಿನ ಮಶೀನಿಗೆ ಹಾಜರು. ಇದನ್ನು ಯಾವ ಡಾಕ್ಟರೂ ಹೇಳಿದ್ದಲ್ಲ, ಆ ಹುಡುಗಿಯರೇ ಕಂಡುಕೊಂಡ ದಾರಿ. ಕ್ಯಾಲೆಂಡರ್ ಮರೆತರೂ ಚಂದ್ರ ಮರೆಸುವುದಿಲ್ಲ.

ನಿಲ್ಮಿನಿ ಎಂಬಾಕೆ ಒಳಗೆ ಬಂದಳು. ಮೂವತ್ತೈದು ಇರಬಹುದು, ಪ್ಯಾಂಟಿಗೆ ಜೇಬು ಹೊಲಿಯುವವಳು. ಇವರು ಇಂಡಿಯಾದ ಡಾಕ್ಟರು, ಇಲ್ಲೇ ಇರಲೋ ಹೊರಗೆ ಹೋಗಲೋ ಎಂದು ಪದ್ಮಾ ಅವಳನ್ನು ಕೇಳಿದಳು. ನನ್ನ ಬಗ್ಗೆ ಒಬ್ಬ ರೋಗಿಯ ಒಪ್ಪಿಗೆ ಕೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ನಿಲ್ಮಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಇರಲಿ ಎಂದಳು.

ಪದ್ಮಾ ಔಷಧ ತೆಗೆದಿಟ್ಟಳು, ಹೆಸರು ಓದಿ ತೋರಿಸಿದಳು. ಹೋದ ತಿಂಗಳು ಹೇಗಿತ್ತು, ಕೈ ನಡುಗಿತಾ, ನಿದ್ದೆ ಜಾಸ್ತಿಯಾಯಿತಾ ಎಂದೆಲ್ಲ ವಿಚಾರಿಸಿದಳು. ಆಮೇಲೆ, ಇವತ್ತು ಹಾಕಲಾ ಎಂದು ಕೇಳಿ, ಕೈಕಟ್ಟಿ ಸುಮ್ಮನೆ ಕೂತಳು. ಬಾಯಿಮಾತಿಗೆ ಕೇಳಿದ್ದಲ್ಲ. ಉತ್ತರ ಬರುವವರೆಗೂ ಸಿರಿಂಜು ಮುಟ್ಟಲಿಲ್ಲ. ನಿಲ್ಮಿನಿ ಎಡತೋಳಿನ ಬಟ್ಟೆ ಮೇಲೆ ಮಾಡಿ ಹ್ಞೂಂ ಎಂದ ಮೇಲೆಯೇ ಕೈ ಹಾಕಿದ್ದು.

ನಾನು ಪದ್ಮಾಳ ಮೂಲಕ ಕೇಳಿದೆ, ಇದನ್ನು ನಿಮಗೆ ಯಾರು ಕಡ್ಡಾಯ ಮಾಡಿದರು ಅಂತ. ಅವಳು ನಕ್ಕಳು. ಬೋರ್ಡಿಂಗ್ ರೂಮಿನಲ್ಲಿ ಆರು ಜನ, ಒಂದು ಕಪಾಟು. ಮಾತ್ರೆ ಇಟ್ಟರೆ ಎಲ್ಲರಿಗೂ ಗೊತ್ತು. ಗೊತ್ತಾದರೆ ಸೂಪರ್‌ವೈಸರಿಗೆ ಗೊತ್ತು. ಇದಾದರೆ ನನಗೂ ಅಕ್ಕನಿಗೂ ಮಾತ್ರ ಎಂದು ಪದ್ಮಾಳನ್ನು ತೋರಿಸಿದಳು. ಸೂಜಿ ಹಾಕಿಸಿಕೊಳ್ಳಲು ಹೀಗೊಂದು ಕಾರಣ ಇರಬಹುದು ಎಂದು ನನ್ನ ಇಪ್ಪತ್ತೈದು ವರ್ಷದ ವಿದ್ಯೆಗೆ ಹೊಳೆದಿರಲಿಲ್ಲ.

ಬೇಡ ಅಂದರೆ ಏನು ಮಾಡುತ್ತೀರಿ ಎಂದು ಅವಳು ಹೋದ ಮೇಲೆ ಪದ್ಮಾಳನ್ನು ಕೇಳಿದೆ. ಮೂರು ವರ್ಷದ ಹಿಂದೆ ಇವಳೇ ಬೇಡ ಅಂದಿದ್ದಳಂತೆ. ಔಷಧ ಪೆಟ್ಟಿಗೆಗೆ ವಾಪಸು ಇಟ್ಟು, ಇಬ್ಬರೂ ಚಹಾ ಕುಡಿದು, ಬೇಕಾದಾಗ ಬಾ ಎಂದು ಕಳಿಸಿದಳಂತೆ. ಕಾಯಿಲೆ ಮರುಕಳಿಸಲಿಲ್ಲವಾ ಎಂದೆ.

“ಮರುಕಳಿಸಿತು,” ಎಂದಳು. “ಆಗ ಅವಳು ಎಲ್ಲಿಗೂ ಓಡಿಹೋಗಲಿಲ್ಲ. ನನ್ನ ಹತ್ತಿರ ಬಂದಳು.”

ನಾನು ಜಗಲಿಗೆ ಬಂದು ಖಾಜಾಸಾಬಿಗೆ ಫೋನು ಹಚ್ಚಿದೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಆ ಹೊತ್ತಿನಲ್ಲಿ ಕಣ್ಣಿಗೆ ಕಟ್ಟಿದ್ದನ್ನು ಬರೆಯುವುದಿಲ್ಲ, ನೀವೇ ಊಹಿಸಿ. ಈರಣ್ಣನ ಮನೆಯ ಬಾಗಿಲು, ಇಬ್ಬರು ಆಳು. ಮೂರನೇ ಸಲಕ್ಕೆ ಎತ್ತಿದ.

“ಹೋಗಿದ್ನಿ ಸಾರ್. ಆದ್ರ ಒಬ್ಬನ ಹೋಗಿದ್ನಿ,” ಎಂದ. “ಕಟ್ಟಿ ಮ್ಯಾಲ ಕುಂತು ಬಾಳೆಹಣ್ಣು ತಿಂತಿದ್ದ. ‘ಖಾಜಣ್ಣ, ನೀನೂ ಬಂದ್ಯಾ’ ಅಂದ. ನನಗ ಕೈ ಬರಲಿಲ್ರಿ. ಸೂಜಿ ಚೀಲದಾಗ ಐತಿ. ನೀವ ಬಂದು ಏನ್ ಮಾಡ್ತೀರೋ ಮಾಡ್ರಿ. ಅಲ್ಲೀತನ ದಿನಾ ಹೋಗಿ ಮಾತಾಡ್ಸಿ ಬರ್ತೀನಿ.”

ಹತ್ತೊಂಬತ್ತು ವರ್ಷದಲ್ಲಿ ಖಾಜಾಸಾಬ್ ನನ್ನ ಮಾತು ಮೀರಿದ್ದು ಅದೊಂದೇ ಸಲ. ಜಗಲಿಯ ಕಂಬ ಹಿಡಿದುಕೊಂಡು ಅಲ್ಲೇ ಕೂತೆ. ಬೆಂಚಿನ ಮೇಲಿದ್ದ ಒಬ್ಬ ಮುದುಕ ಸರಿದು ಜಾಗ ಮಾಡಿಕೊಟ್ಟ. ನಾನೂ ಸೂಜಿಗೆ ಬಂದವನು ಎಂದುಕೊಂಡಿರಬೇಕು.

ಹುಣ್ಣಿಮೆ

ಮಾರನೇ ದಿನ ಪೋಯಾ. ಮಾಂಸದಂಗಡಿ, ಹೆಂಡದಂಗಡಿ ಎಲ್ಲ ಬಂದ್. ಬಿಳಿ ಬಟ್ಟೆ ಹಾಕಿಕೊಂಡು, ಹೂವಿನ ತಟ್ಟೆ ಹಿಡಿದು ಸಂಸಾರಗಳೆಲ್ಲ ಎದುರಿನ ಬೌದ್ಧ ವಿಹಾರಕ್ಕೆ ಹೋಗುತ್ತಿದ್ದವು. ಗಲಾಟೆಯಿಲ್ಲ, ಮೈಕಿಲ್ಲ. ನಮ್ಮ ನೇಮಕಲ್ಲು ಆಂಜನೇಯನ ಗುಡಿಯ ಶನಿವಾರದ ನೂಕುನುಗ್ಗಲು ಕಂಡವನಿಗೆ ಇದೇನು ದೇವಸ್ಥಾನವೋ ಲೈಬ್ರರಿಯೋ ಅನ್ನಿಸಿತು. ಇದನ್ನೆಲ್ಲ ನಾನು ನೋಡಿದ್ದು ರೂಮಿನ ಕಿಟಕಿಯಿಂದ. ಬೇಗ ಊರಿಗೆ ಹೊರಡೋಣವೆಂದು ಟಿಕೆಟ್ಟು ಬದಲಾಯಿಸಲು ಹೋಗಿ, ವಿಮಾನ ಕಂಪನಿಯವರ ಜೊತೆ ಬೆಳಗೆಲ್ಲಾ ಹೋಯಿತು.

ಹೆಂಡತಿ ಸುಜಾತ ಫೋನು ಮಾಡಿದಳು. ಅವಳದು ಮಡಕಶಿರಾ ಕಡೆಯ ರತ್ನಗಿರಿ. ತವರಲ್ಲಿ ಇವತ್ತಿಗೂ ನೂರಾರು ಕುರಿ. ಆನೆ ನೋಡಿದ್ರಾ ಎಂದು ಶುರು ಮಾಡಿದವಳಿಗೆ ಎಲ್ಲ ಹೇಳಿಬಿಟ್ಟೆ. ಬಾಟ್ಲಿಯ ವಿಷಯ ಅವಳಿಗೂ ಹೇಳಿರಲಿಲ್ಲ.

“ಅಲ್ಲ ಕಣ್ರೀ, ಅವ್ನಿಗೇ ಹೇಳ್ದೆ ನಾಲ್ಕು ವರ್ಸ ಕುಡಿಸ್ಬಿಟ್ರಾ?” ಎಂದಳು. “ಸೂಜಿದು ಒಂದು ಮಾತು ಕೇಳಕ್ಕೆ ಏನಾಗಿತ್ತು?”

ಈ ಜನ ತಾರೀಖು ನೆನಪಿಟ್ಟುಕೊಂಡು ಬರಲ್ಲ ಎಂದೆ. ಅಷ್ಟೊತ್ತಿಗೂ ಅದೇ ಹಳೇ ರಾಗ.

“ನಮ್ಮಪ್ಪ ಕುರಿಗೆ ಸೂಜಿ ಹಾಕ್ಸೋ ದಿನ ಯಾವತ್ತಾದ್ರೂ ತಪ್ಪಿಸೈತಾ? ಓದಕ್ಕೆ ಬರಲ್ಲ ಅವ್ನಿಗೆ. ಕುರಿಗೆ ನೆನಪಿರ್ತೈತೆ, ಮಗನಿಗೆ ಇರಲ್ವಾ? ನೀವು ಕೇಳ್ಲಿಲ್ಲ ಅನ್ರಿ, ಸಾಕು.”

ಊಟ ಮಾಡಿ ಮಲಗಿ ಎಂದು ಅವಳು ಫೋನು ಇಟ್ಟಳು. ಶನಿವಾರದ ಮಡಕಶಿರಾ ಕ್ಲಿನಿಕ್ಕಿನಲ್ಲಿ ಕಂಬಳಿ ಹೊದ್ದು ನನ್ನೆದುರು ಕೂತ ಮುಖಗಳೆಲ್ಲ ಒಂದೊಂದಾಗಿ ಬಂದವು. ಎಷ್ಟು ಜನ. ಒಬ್ಬರನ್ನಾದರೂ ಕೇಳಿದ್ದೆನಾ? ಕೇಳಿರಲಿಲ್ಲ. ಕೇಳುವುದು ನನ್ನ ದೊಡ್ಡಸ್ತಿಕೆಗೆ ಕಡಿಮೆ ಅನ್ನಿಸಿತ್ತು. ಅದು ಬಿಟ್ಟು ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ರಾಯದುರ್ಗ

ವಾಪಸು ಬಂದ ಮೂರನೇ ದಿನ ಖಾಜಾಸಾಬ್ ಈರಣ್ಣನನ್ನು ಕರೆತಂದ. ಸಾಕಮ್ಮ ಹಿಂದೆ ಹಿಂದೆ ಬಂದು ಬಾಗಿಲಲ್ಲೇ ನಿಂತಳು. ಅವನು ಇಳಿದುಹೋಗಿದ್ದ, ಆದರೆ ಮಾತು ನೆಟ್ಟಗಿತ್ತು, ಕಣ್ಣು ನೆಟ್ಟಗಿತ್ತು. ಕಿವಿಯಲ್ಲಿ ದನಿಯಿಲ್ಲ, ರಾತ್ರಿ ನಿದ್ದೆಯಿದೆ. ಕಾಯಿಲೆ ಇನ್ನೂ ಬಂದಿರಲಿಲ್ಲ. ಅವನಿಗೆ ಬಂದಿದ್ದದ್ದು ಸಿಟ್ಟು, ಅದಕ್ಕೆ ನನ್ನಲ್ಲಿ ಔಷಧವಿಲ್ಲ.

ನಾನೇ ಬಾಯಿ ಬಿಟ್ಟೆ. ಮೊದಲ ಸಲ ಅವ್ವ ಏನೂ ಬೆರೆಸಿರಲಿಲ್ಲ, ಅದು ಕಾಯಿಲೆ. ಎರಡನೇ ಸಲ ಬೆರೆಸಿದ್ದು ನಿಜ, ನಾನು ಹೇಳಿಕೊಟ್ಟಿದ್ದು. ಔಷಧದ ಹೆಸರು ಇದು, ಮಾಡುವ ಕೆಲಸ ಇದು, ಮಾಡುವ ತೊಂದರೆ ಇದು, ಕೈ ನಡುಗುವುದು, ಬಾಯಿ ಒಣಗುವುದು.

ಅಲ್ಲಿಯವರೆಗೆ ನೆಲ ನೋಡುತ್ತಿದ್ದವನು ತಲೆ ಎತ್ತಿದ. “ಕೈ ನಡುಗದು ಈ ಔಷಧದ್ದಾ?”

“ಹೌದು.”

“ಚಾದ್ದಲ್ಲ?”

ಎರಡು ವರ್ಷದ ಹಿಂದೆ ಕಟಿಂಗ್ ಮಶೀನಿನ ಮುಂದೆ ಕೈ ನಡುಗುತ್ತದೆ ಎಂದು ಅವನು ಕೇಳಿಕೊಂಡು ಬಂದಾಗ, ಬಾಟ್ಲಿಯ ಗುಟ್ಟು ಬಿಡಬಾರದೆಂದು, ಚಹಾ ಬಿಡು ಎಂದಿದ್ದೆ. ಮರೆತೇಹೋಗಿತ್ತು ನನಗೆ.

“ಅಲ್ಲ,” ಎಂದೆ.

“ಬಿಟ್ಟೀನಲ್ರಿ ನಾನು. ಯೂನಿಟ್‌ನ್ಯಾಗ ಎಲ್ರೂ ಚಾಕ್ಕ ಹೋದ್ರ ನಾನೊಬ್ಬನ ಮಶೀನು ಒರಸ್ಕಂತ ಕುಂತಿರ್ತೀನಿ.”

ಖಾಜಾಸಾಬ್ ಕಿಟಕಿಯ ಕಡೆ ತಿರುಗಿಕೊಂಡ. ಹೊಟ್ಟೆ ಸರಿಯಿಲ್ಲ ಎಂದು ಬೆಂಗಳೂರು ತಪ್ಪಿಸಿದ್ದೂ ಸುಳ್ಳು ಎಂದು ನಾನೇ ಹೇಳಿದೆ. ಇನ್ನೊಬ್ಬರ ಬಾಯಿಂದ ಕೇಳುವುದು ಬೇಡ ಅನ್ನಿಸಿತು. ಸಾಕಮ್ಮ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಈರಣ್ಣ ಅವಳ ಕಡೆ ನೋಡಲಿಲ್ಲ, ಆದರೆ ಮಾತು ಅವಳದ್ದೇ ಆಡಿದ.

“ಅವ್ವಗ ಓದು ಬರಲ್ಲ. ನೀವು ಹೇಳಿದ್ರಿ, ಆಕಿ ಮಾಡಿದ್ಲು. ನಿಮಗ ಯಾರು ಹೇಳಿದ್ರಿ ಸಾರ್?”

ತಪ್ಪಾಯಿತು ಎಂದೆ. ಅವನು ಅದನ್ನು ತೆಗೆದುಕೊಳ್ಳಲೂ ಇಲ್ಲ, ಬಿಸಾಡಲೂ ಇಲ್ಲ. ಆಮೇಲೆ ಸೂಜಿಯ ಬಗ್ಗೆ ಹೇಳಿದೆ. ಹೀಗೊಂದಿದೆ, ಬೇಕಾದರೆ ಉಂಟು, ಬೇಡವಾದರೆ ಮಾತ್ರೆ ಉಂಟು, ಎರಡೂ ಬೇಡವೆಂದರೂ ನಿನ್ನ ಕುರ್ಚಿ ಇಲ್ಲೇ ಇರುತ್ತದೆ. ಅವನು ಪಕ್ಕಾ ಕಟಿಂಗ್ ಮಾಸ್ಟರ್. ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ ಎಂದು ಗೊತ್ತಿರುವವನು ಅಳೆಯದೆ ಮಶೀನು ಹಚ್ಚುವುದಿಲ್ಲ. ಔಷಧದ ಡಬ್ಬಿ ಇಸಿದುಕೊಂಡು ತಿರುಗಿಸಿ ನೋಡಿದ. ಹಾಕಿದ ಮೇಲೆ ಮೈಗೆ ಆಗಿಬರದಿದ್ದರೆ ತೆಗೆಯಲು ಬರುತ್ತದಾ ಎಂದ. ಬರುವುದಿಲ್ಲ, ಇಳಿದುಹೋಗುವವರೆಗೆ ಕಾಯಬೇಕು ಎಂದೆ. ಕೈ ನಡುಕ ನಿಲ್ಲುತ್ತದಾ ಎಂದ. ಪ್ರಮಾಣ ಕಡಿಮೆ ಮಾಡಿ ನೋಡೋಣ, ನಿಂತೇ ನಿಲ್ಲುತ್ತದೆ ಎಂದು ಹೇಳಲಾರೆ ಎಂದೆ. ಹಂಗಾರ ಸದ್ಯಕ್ಕೆ ಗುಳಿಗಿ ಕೊಡ್ರಿ, ನನ್ನ ಕೈಗೇ ಕೊಡ್ರಿ ಎಂದ. ಕೊಟ್ಟೆ. ತಾಯಿಯ ಕೈಗೆ ಇನ್ನೊಂದು ಮಾತ್ರೆ ಪಟ್ಟಿ ಗುಟ್ಟಾಗಿ ಕೊಡುವ ಆಸೆ ಬಂತು, ಸುಳ್ಳು ಹೇಳಲ್ಲ. ಮೇಜಿನ ಡ್ರಾಯರಿಗೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ.

ಹದಿನೈದು ದಿನಕ್ಕೆ ಬಂದ. ಮಾತ್ರೆ ತಪ್ಪಿಸಿರಲಿಲ್ಲ. ಆದರೂ ಮನೆಯಲ್ಲಿ ಉಣ್ಣುತ್ತಿರಲಿಲ್ಲ. ಖಾನಾವಳಿಯಲ್ಲಿ ರೊಟ್ಟಿ ತಿಂದು, ಕಟ್ಟೆಯ ಮೇಲೆ ಮಲಗುತ್ತಿದ್ದ. ಇನ್ನು ಹದಿನೈದು ದಿನ ಕಳೆಯಿತು. ಮೂರನೇ ಸಲ ಬಂದಾಗ ಸೂಜಿ ಹಾಕ್ರಿ ಎಂದ. ಯಾಕೆ ಮನಸ್ಸು ಬದಲಾಯಿಸಿದೆ ಎಂದು ಕೇಳಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಗುಳಿಗಿ ನುಂಗ್ತೀನಿ ಖರೇ. ಅವ್ವ ದೂರದಾಗ ನಿಂತು ನನ್ನ ಬಾಯಿನ ನೋಡ್ತಾಳ. ನುಂಗಿದ್ನೋ ಇಲ್ಲೋ ಅಂತ. ನಾನು ಆಕಿ ಕೈ ನೋಡ್ತೀನಿ, ಏನ್ ಹಾಕಿದ್ಲೋ ಅಂತ. ಒಂದು ಮನ್ಯಾಗ ಇಬ್ರು ಪೊಲೀಸ್ರು ಇದ್ದಂಗ ಆಗೈತಿ. ಸೂಜಿ ಹಾಕಿದ್ರ ಇಬ್ರಿಗೂ ನೋಡಾ ಕೆಲ್ಸ ಇಲ್ಲಲ್ರಿ.”

ಯಾವ ಸಭೆಯಲ್ಲೂ, ಯಾವ ಪುಸ್ತಕದಲ್ಲೂ ಸೂಜಿಗೆ ಈ ಕಾರಣ ಕೊಟ್ಟಿದ್ದು ನಾನು ಕಂಡಿಲ್ಲ. ಔಷಧದ ಹೆಸರು ಓದಿ ತೋರಿಸಿದೆ. ಇವತ್ತು ಹಾಕಲಾ ಎಂದು ಕೇಳಿ, ಕೈಕಟ್ಟಿ ಕೂತೆ. ಹೊಸ ಪಾಠ ಒಪ್ಪಿಸುವವನ ಹಾಗೆ.

ಈರಣ್ಣ ತೋಳಿನ ಗುಂಡಿ ಬಿಚ್ಚಿದ. “ಹಾಕ್ಸ್ಕಂತೀನಿ. ಖಾಜಣ್ಣ ಹಾಕ್ಲಿ. ನೀವು ಒಂಚೂರು ಹೊರಗಿರ್ರಿ ಸಾರ್.”

ಹೊರಗೆ ಹೋದೆ. ನನ್ನ ಕ್ಲಿನಿಕ್ಕಿನ ಬೆಂಚಿನ ಪಕ್ಕ ನಿಂತೆ. ಕೂತಿದ್ದವರೆಲ್ಲ ಗಡಬಡಿಸಿ ಎದ್ದರು, ಏನು ಸಾರ್ ಏನಾತ್ರಿ ಎಂದರು. ಏನಿಲ್ಲ, ಒಳಗೆ ಕೆಲಸ ನಡೀತಿದೆ, ಕೂತ್ಕೊಳ್ಳಿ ಎಂದೆ. ಸಾಕಮ್ಮ ಗೋಡೆಗೆ ಒರಗಿ ಕೂತಿದ್ದಳು. ಇಬ್ಬರೂ ಮುಚ್ಚಿದ ಬಾಗಿಲು ನೋಡುತ್ತಾ ಇದ್ದೆವು.

ಬಾಗಿಲು ತೆರೆಯಿತು. ಈರಣ್ಣ ತೋಳು ತಿಕ್ಕಿಕೊಳ್ಳುತ್ತಾ ಬಂದ, ನನ್ನನ್ನು ದಾಟಿ ಹೋದ, ತಾಯಿಯ ಮುಂದೆ ನಿಂತ. ತಿಂಗಳ ಮೇಲಾಗಿತ್ತು ಅವನು ಅವಳ ಜೊತೆ ಮಾತಾಡಿ.

“ಏಳಬೇ,” ಎಂದ. “ಮನಿಗೆ ಹೋಗಿ ಉಂಬಾಕ ಇಕ್ಕು. ಹಸದೀನಿ.”